ಅಪ್‌ಡೇಟ್ ಆದ ಕಂಪ್ಯೂಟರ್, ಓದಾಕ ಬರದ ಅಜ್ಜಿ ಪದ

ಕಂಪ್ಯೂಟರ್ ಅಪ್‌ಡೇಟ್ ಅಂದ್ರ ನಮ್ಮ ಮನ್ಯಾಗ ಈಗೂ ಎಲ್ಲಾರೂ ಅಂಜ್ತಾರ. ಯಾಕ ಅಂತ ಹೇಳ್ತೀನಿ ಕೇಳ್ರಿ.

2001ರಾಗ ವಿಂಡೋಸ್ ಎಕ್ಸ್‌ಪಿ ಬಂತು. ಕನ್ನಡ ಯುನಿಕೋಡ್ ಅದರಾಗೇ ಇತ್ತು, ಫಾಂಟಿನ ಹೆಸರು ತುಂಗಾ. ಸಿಂಧನೂರಿನ ಭತ್ತದ ಗದ್ದಿಗೆ ನೀರು ಕೊಡೋ ಹೊಳಿ ಹೆಸರಿನಾಗ ಅರ್ಧ! ಆದ್ರ ಕಂಟ್ರೋಲ್ ಪ್ಯಾನೆಲ್‌ನಾಗ ಹೋಗಿ ಒಂದು ಚೌಕಕ್ಕ ಟಿಕ್ ಹಾಕ್ಬೇಕಿತ್ತು, ಹಾಕಿದ್ರ ಅದು ಸಿ.ಡಿ. ಕೇಳ್ತಿತ್ತು. ಸಿ.ಡಿ. ಯಾರ ಮನ್ಯಾಗ ಇತ್ತು? ಹಿಂಗಾಗಿ ಮಂದಿ ಬರಹ, ನುಡಿಯಂಥ ತಂತ್ರಾಂಶದ ಹಳೇ ಫಾಂಟಿನಾಗೇ ಟೈಪ್ ಮಾಡಿದ್ರು. ಅಲ್ಲಿ ಕಡತದ ಒಳಗ ಕುಂತಿರೋದು ಇಂಗ್ಲಿಷ್ ಅಕ್ಷರದ ಸಂಖ್ಯೆ, ಮ್ಯಾಲೆ ಕನ್ನಡದ ಅಂಗಿ. ಫಾಂಟ್ ಹೋತಂದ್ರ ಅಂಗಿನೂ ಹೋತು.

2004ರ ಆಗಸ್ಟ್‌ನಾಗ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಬಂತು. ಪೂರ್ತಿ ಇಳಿಸ್ಕೊಂಡ್ರ 266 ಎಂ.ಬಿ. 56ಕೆ ಮೋಡೆಮ್ ಎಷ್ಟ ಜೋರಾಗಿ ಓಡಿದ್ರೂ ಹತ್ತು ತಾಸಿನ ಮ್ಯಾಲೆ. ಅಷ್ಟೊತ್ತು ಫೋನ್ ಎಂಗೇಜ್ ಇಟ್ರ ಲಿಂಗಸೂಗೂರಿನ ಅತ್ತಿ ಸುಮ್ನಿರ್ತಿದ್ಲೇನು? ನಾವೂ ಅಪ್‌ಡೇಟ್ ಬಂದ್ ಮಾಡಿ ಕುಂತ್ವಿ. 2014ರ ಏಪ್ರಿಲ್ 8ಕ್ಕ ಎಕ್ಸ್‌ಪಿಗೆ ಅಪ್‌ಡೇಟ್ ಕೊಡೋದೇ ನಿಂತ್ಹೋತು.

ಆಮ್ಯಾಲೆ ಅಪ್ಪ ಧೈರ್ಯ ಮಾಡಿ ಒಬ್ಬ ಮೆಕ್ಯಾನಿಕ್‌ನ್ನ ಕರೆಸಿ ಹೊಸಾದು ಹಾಕಿಸಿದ. ನಡುವ ಕರೆಂಟ್ ಹೋತು, ಮರುದಿನ ಮತ್ತ ಮೊದಲಿಂದ. ಎಲ್ಲಾ ಮುಗದ ಮ್ಯಾಲೆ, ಅಜ್ಜಿ ಬಾಯಿಂದ ಬರಕೊಂಡಿದ್ದ ಬೀಸೋ ಪದದ ಕಡತ ತೆರೆದ್ರ ಬರೇ ಇಂಗ್ಲಿಷ್ ಅಕ್ಷರ, ಕಂಸ, ಚುಕ್ಕಿ. ಅಜ್ಜಿ ತೀರ್ಕೊಂಡು ಎರಡು ವರ್ಷ ಆಗಿತ್ತು.

ಅಪ್ಪನ ಊರು ಮಸ್ಕಿ. ಅಲ್ಲಿ ಅಶೋಕನ ಶಾಸನ ಐತಿ, ಅದರಾಗ ಅವನ ಹೆಸರೇ ಐತಿ. 1915ರಾಗ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಅದನ್ನ ಕಂಡ. ಅದಕ್ಕೂ ಮೊದಲೇ, 1837ರ ಹೊತ್ತಿಗೆ, ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದ್ದ, ಹಂಗಾಗಿ ಅದನ್ನ ಓದಾಕ ಬಂತು. ಅಲ್ಲೀತನ ಎಷ್ಟೋ ಶತಮಾನ ಅಕ್ಷರ ಕಲ್ಲಿನ ಮ್ಯಾಲೇ ಇತ್ತು, ಓದೋರು ಇರ್ಲಿಲ್ಲ. ನಮ್ಮ ಕಡತಾನೂ ಹಂಗೇ. ಒಂದಕ್ಷರಾನೂ ಅಳಿಸಿರ್ಲಿಲ್ಲ.

ಯಾವ ಫಾಂಟು ಅಂತ ಅಪ್ಪಗ ನೆನಪಿಲ್ಲ. ನೋಟ್‌ಪ್ಯಾಡ್‌ನಾಗ ಉಳಿಸಿದ್ದ, ಅದರಾಗ ಫಾಂಟಿನ ಹೆಸರು ಉಳಿಯೂದಿಲ್ಲ. ಅಣ್ಣ ಪೆನ್‌ಡ್ರೈವ್‌ನಾಗ ಹಳೇ ಫಾಂಟ್ ತಂದು ಒಂದೊಂದೇ ಹಾಕಿ ನೋಡಿದ. ಒಂದು ಬಾಳಷ್ಟು ಹೊಂದಿತು, ಆದ್ರ ಒತ್ತು, ಅರ್ಕಾವತ್ತು ಎಲ್ಲೆಲ್ಲೋ ಕುಂತಿದ್ವು. ಅವ್ವ ಪಕ್ಕದಾಗ ಕುಂತು ಹಾಡಿ ಹಾಡಿ ತಿದ್ದಿಸಿದಳು. ಎರಡು ಪದ ಅವ್ವಗೂ ಬರೂದಿಲ್ಲ. ಅವನ್ನ ಹಂಗೇ ಬಿಟ್ಟೀವಿ.

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಕಾಲಾನೂ ಮುಗೀತು. 11ಕ್ಕ ಟಿಪಿಎಂ 2.0 ಬೇಕಂತ, ನಮ್ಮದರಾಗ ಇಲ್ಲ. ಹೊಸಾದು ತರೋಣ ಅಂತ ಅಣ್ಣ ಅಂತಾನ. ಆ ಎರಡು ಪದ ಓದಾಕ ಬರೋತನ ಹಳೇದು ಮೂಲ್ಯಾಗ ಇರ್ಲಿ ಅಂತ ಅಪ್ಪ ಅಂತಾನ.