ಸಿ.ಡಿ.ಯಿಂದ ಹಾಡು ಕಿತ್ತ ಕಾಲ

ಕಂಪ್ಯೂಟರ್ ಹೊಸದಾಗಿ ಮನೆಗೆ ಬಂದಾಗ ಎಷ್ಟೋ ಜನ ಒಂದೇ ಥರ ಬೇಸ್ತು ಬಿದ್ದರು. ಹಾಡಿನ ಸಿ.ಡಿ. ಹಾಕಿದರೆ ಒಳಗೆ 'ಟ್ರ್ಯಾಕ್01.ಸಿಡಿಎ' ಅಂತ ಸಾಲಾಗಿ ಫೈಲುಗಳು ಕಾಣುತ್ತಿದ್ದವು. ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಬೇರೆ ಕಡೆ ಹಾಕಿ ನೋಡಿದರೆ ಹಾಡೇ ಇಲ್ಲ! ಆ ಫೈಲಿನ ಗಾತ್ರ ಬರೀ 44 ಬೈಟ್. ಅದು ಹಾಡಲ್ಲ, ಹಾಡು ತಟ್ಟೆಯ ಯಾವ ಜಾಗದಲ್ಲಿದೆ ಅಂತ ವಿಂಡೋಸ್ ಬರೆದು ತೋರಿಸುವ ವಿಳಾಸದ ಚೀಟಿ.

ನಿಜ ಹೇಳಬೇಕೆಂದರೆ ಆಡಿಯೋ ಸಿ.ಡಿ.ಯಲ್ಲಿ ಫೈಲುಗಳೇ ಇರುವುದಿಲ್ಲ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ ಅದರ ನಿಯಮ ಬರೆದದ್ದು 1980ರಲ್ಲಿ. 1982ರಲ್ಲಿ ಜಪಾನಿನಲ್ಲಿ ಮಾರಾಟ ಶುರುವಾಯಿತು. ಗ್ರಾಮಫೋನ್ ತಟ್ಟೆಯ ಜಾಗಕ್ಕೆ ಬಂದ ವಸ್ತು ಅದು, ಕಂಪ್ಯೂಟರಿಗೆಂದು ಮಾಡಿದ್ದಲ್ಲ. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಎಡ-ಬಲ ಎರಡೂ ಕಿವಿಗೆ ಬೇರೆ ಬೇರೆ ಬರೆದಿಡುತ್ತಾರೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 10 ಎಂ.ಬಿ. 1990ರ ದಶಕದ ಮಧ್ಯದಲ್ಲಿ ಮನೆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಇದ್ದದ್ದೇ 1 ಜಿ.ಬಿ. ಆಸುಪಾಸು. ಎರಡು ಸಿ.ಡಿ. ಸುರಿದರೆ ಭರ್ತಿ.

ದಾರಿ ತೋರಿಸಿದ್ದು ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಕಿವಿಗೆ ಹೇಗೂ ಕೇಳದ ಭಾಗವನ್ನು ಬಿಟ್ಟು, ಹಾಡನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರು. ಅಲ್ಲಿದ್ದ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಪರೀಕ್ಷೆಗೆ ಆರಿಸಿಕೊಂಡದ್ದು ವಾದ್ಯವೇ ಇಲ್ಲದ, ಸುಝಾನ್ ವೇಗಾ ಹಾಡಿದ ಒಂದು ಹಾಡು. ಬರೀ ಗಂಟಲಿನ ದನಿಯಾದರೆ ತಪ್ಪು ಮುಚ್ಚಿಡಲು ಆಗುವುದಿಲ್ಲ ನೋಡಿ. '.ಎಂಪಿ3' ಅನ್ನುವ ಬಾಲ ಸೇರಿದ್ದು 1995ರ ಜುಲೈನಲ್ಲಿ.

ಆದರೂ ಸಿ.ಡಿ.ಯಿಂದ ಹಾಡು ಕೀಳುವುದು ಸಲೀಸಾಗಿರಲಿಲ್ಲ. ಹೀಗೆ ಕೀಳುವುದಕ್ಕೇ 'ರಿಪ್' ಅನ್ನುತ್ತಾರೆ. ತಟ್ಟೆಯ ಮೇಲೆ ಧ್ವನಿ ಸೆಕೆಂಡಿಗೆ 75 ತುಣುಕಾಗಿ ಕೂತಿರುತ್ತದೆ. ಡ್ರೈವು ಓದುತ್ತಾ ಓದುತ್ತಾ ನಿಂತು ಮತ್ತೆ ಶುರು ಮಾಡುವಾಗ ಬಿಟ್ಟ ಜಾಗಕ್ಕೇ ಸರಿಯಾಗಿ ಬರುತ್ತಿರಲಿಲ್ಲ. ಕೊಂಚ ಹಿಂದೆಯೋ ಮುಂದೆಯೋ ಬಂದರೆ ಹಾಡಿನ ನಡುವೆ 'ಟಪ್' ಅನ್ನುವ ಸದ್ದು. 1998ರ ಹೊತ್ತಿಗೆ ಜರ್ಮನಿಯ ಆಂಡ್ರೆ ವೀಥೋಫ್ ಬರೆದ 'ಎಕ್ಸಾಕ್ಟ್ ಆಡಿಯೋ ಕಾಪಿ', ಲಿನಕ್ಸ್‌ನವರ 'ಸಿಡಿಪ್ಯಾರನೋಯಾ' ಬಂದವು. ಎರಡರ ಉಪಾಯವೂ ಹೆಚ್ಚು ಕಡಿಮೆ ಒಂದೇ: ಓದಿದ್ದನ್ನೇ ಮತ್ತೆ ಓದಿ, ತಾಳೆ ನೋಡಿ, ಹೊಂದಿದರೆ ಮಾತ್ರ ಒಪ್ಪಿಕೊಳ್ಳುವುದು. ಗೀರು ಬಿದ್ದ ಸಿ.ಡಿ.ಯಾದರೆ ಗಂಟೆಗಟ್ಟಲೆ ಕಾಯಬೇಕು. 2000ದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ 'ಆಡಾಸಿಟಿ' ಬಂತು. ಧ್ವನಿಯನ್ನು ಅಲೆಯ ಚಿತ್ರವಾಗಿ ತೋರಿಸಿ, ಬೇಕಾದಲ್ಲಿ ಕತ್ತರಿಸಲು ಬಿಡುವ ಪುಕ್ಕಟೆ ತಂತ್ರಾಂಶ. ಶಾಲೆ ಗ್ಯಾದರಿಂಗ್‌ನ ಡ್ಯಾನ್ಸಿಗೆ ನಾಲ್ಕು ಹಾಡು ಜೋಡಿಸಿಕೊಡುತ್ತಿದ್ದ ಸ್ಟುಡಿಯೋ ಹುಡುಗರನ್ನು ಕೇಳಿ, ಅದರ ಬೆಲೆ ಹೇಳುತ್ತಾರೆ.

ಜೋಡಿಸುವುದರಲ್ಲೂ ಒಂದು ಗುಟ್ಟಿದೆ. ತಾಳಮದ್ದಲೆಯಂಥ ನಿಲ್ಲದೆ ಹರಿಯುವ ರೆಕಾರ್ಡಿಂಗನ್ನು ಸಿ.ಡಿ.ಯಲ್ಲಿ ತುಂಡು ತುಂಡು ಟ್ರ್ಯಾಕ್ ಮಾಡಿರುತ್ತಾರೆ. ಒಂದೊಂದನ್ನೇ ಎಂಪಿ3 ಮಾಡಿ ಆಮೇಲೆ ಅಂಟಿಸಿದರೆ ಪ್ರತಿ ಸೇರುವೆಯಲ್ಲೂ ಚೂರು ಮೌನ ನುಗ್ಗಿ ಭಾಗವತರ ಪದ ಬಿಕ್ಕಳಿಸುತ್ತದೆ. ಎಂಪಿ3 ಆಗುವಾಗ ಫೈಲಿನ ಹಿಂದೆ ಮುಂದೆ ಒಂದಿಷ್ಟು ಖಾಲಿ ಜಾಗ ಸೇರುವುದೇ ಇದಕ್ಕೆ ಕಾರಣ. ಹಾಗಾಗಿ ಮೊದಲು 'ವೇವ್' ರೂಪದಲ್ಲೇ ಜೋಡಿಸಿ ಕೊನೆಗೆ ಒಂದೇ ಸಲ ಎಂಪಿ3 ಮಾಡಬೇಕು. ಎಂಪಿ3ಯನ್ನು ತಿದ್ದಿ ತಿದ್ದಿ ಉಳಿಸಿದರೂ ದನಿ ಪ್ರತಿ ಸಲ ಸ್ವಲ್ಪ ಸವೆಯುತ್ತದೆ.

ಕಂಪನಿಗಳು ಸುಮ್ಮನಿರಲಿಲ್ಲ. 2003ರಲ್ಲಿ ಬಂದ ಒಂದು ಕಾಪಿ ತಡೆ ಬೀಗ, ಸಿ.ಡಿ. ಹಾಕುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದರೆ ಕೆಲಸವನ್ನೇ ಮಾಡುತ್ತಿರಲಿಲ್ಲ ಅಂತ ಅಮೆರಿಕದ ವಿದ್ಯಾರ್ಥಿಯೊಬ್ಬ ತೋರಿಸಿಕೊಟ್ಟ. 2005ರಲ್ಲಿ ಸೋನಿ ಬಿಎಂಜಿಯ ಸಿ.ಡಿ.ಗಳು ಗಿರಾಕಿಯ ಕಂಪ್ಯೂಟರಿನಲ್ಲಿ ಕದ್ದು ಕೂರುವ ತಂತ್ರಾಂಶ ಇಳಿಸುತ್ತಿದ್ದದ್ದು ಬಯಲಾಯಿತು. ಕಂಪನಿ ಆ ಸಿ.ಡಿ.ಗಳನ್ನು ವಾಪಸ್ ಪಡೆಯಬೇಕಾಯಿತು. ದುಡ್ಡು ಕೊಟ್ಟು ಕೊಂಡವರನ್ನೇ ಕಳ್ಳರಂತೆ ನೋಡಿದ್ದಕ್ಕೆ ತಕ್ಕ ಶಾಸ್ತಿ ಅಂತಲೇ ನನ್ನ ಅಭಿಪ್ರಾಯ. ಹಾಗಂತ ನಮ್ಮ ಕಡೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಮಾರುತ್ತಿದ್ದದ್ದು ಸರಿಯಾಗುವುದಿಲ್ಲ. ಸ್ವಂತ ಬಳಕೆ ಬೇರೆ, ವ್ಯಾಪಾರ ಬೇರೆ.

ಸಿನಿಮಾ ಹಾಡು ಎಲ್ಲಾದರೂ ಸಿಗುತ್ತದೆ ಬಿಡಿ. ಸಿಗದೇ ಇರುವುದು ನಮ್ಮೂರ ನಾಟಕ, ಮದುವೆಯ ಸೋಬಾನೆ, ಈಗಿಲ್ಲದ ಅಜ್ಜಿಯ ದನಿ. ಕ್ಯಾಸೆಟ್ ಹಾಳಾಗುತ್ತದೆಂದು ಅವನ್ನು ಸಿ.ಡಿ.ಗೆ ಇಳಿಸಿಕೊಂಡ ಮನೆಗಳು ಬಹಳ. ಅಂಗಡಿಯ ಸಿ.ಡಿ. ಅಚ್ಚು ಒತ್ತಿದ್ದು. ಮನೆಯಲ್ಲಿ ಬರೆದದ್ದು ಹಾಗಲ್ಲ, ಅದರಲ್ಲಿ ಧ್ವನಿ ಕೂತಿರುವುದು ಬಣ್ಣದ ಪದರದಲ್ಲಿ. ಬಿಸಿಲಿಗೆ, ಶೆಖೆಗೆ ಆ ಬಣ್ಣ ಮಾಸುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಿಗೆ ಸಿ.ಡಿ. ಡ್ರೈವೇ ಇಲ್ಲ, ಯು.ಎಸ್‌.ಬಿ.ಗೆ ಸಿಕ್ಕಿಸುವ ಡ್ರೈವು ಪ್ರತ್ಯೇಕ ಕೊಳ್ಳಬೇಕು. ಊರಲ್ಲಿ ಯಾರ ಹತ್ತಿರವಾದರೂ ಒಂದಿದ್ದರೆ ಅಟ್ಟದ ಮೇಲಿನ ಸಿ.ಡಿ.ಗಳನ್ನು ಈ ಬೇಸಿಗೆಯೊಳಗೆ ಇಳಿಸಿ. ವೇವ್ ಆಗಿಯೇ ಇಟ್ಟುಕೊಳ್ಳಿ, ಕೇಳಲು ಬೇಕಾದರೆ ಇನ್ನೊಂದು ಎಂಪಿ3 ಮಾಡಿಕೊಳ್ಳಿ. ತಟ್ಟೆಯನ್ನು ಹೆಸರು ಬರೆದ ಬದಿ ಕೆಳಗಾಗಿ ಮಾತ್ರ ಇಡಬೇಡಿ. ಹೊಳೆಯುವ ಬದಿಯ ಸಣ್ಣ ಗೀರನ್ನು ಉಜ್ಜಿ ಸರಿ ಮಾಡಬಹುದು. ಬಣ್ಣದ ಪದರ ಇರುವುದು ಹೆಸರು ಬರೆದ ಬದಿಗೇ ಹತ್ತಿರ, ಅಲ್ಲಿ ಕೆತ್ತಿಹೋದದ್ದು ವಾಪಸ್ ಬರುವುದಿಲ್ಲ.