ಫೈರ್‌ವಾಲ್ ಇಂಟರ್‌ಫೇಸಿನಲ್ಲಿ ಪ್ಯಾಕೆಟ್ ನಷ್ಟ: ಕೌಂಟರ್‌ಗಳು ಹೇಳುವುದೆಷ್ಟು, ಮುಚ್ಚಿಡುವುದೆಷ್ಟು?

ಅಮೆರಿಕದ ಇಂಧನ ಇಲಾಖೆಯ ಪ್ರಯೋಗಾಲಯಗಳನ್ನು ಬೆಸೆಯುವ ಇಎಸ್‌ನೆಟ್ ಜಾಲದಲ್ಲಿ ಒಮ್ಮೆ ರೂಟರಿನ 10 ಗಿಗಾಬಿಟ್ ಲೈನ್ ಕಾರ್ಡೊಂದು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಅದು ಕೈಬಿಡುತ್ತಿದ್ದದ್ದು 22,000 ಪ್ಯಾಕೆಟ್‌ಗಳಲ್ಲಿ ಒಂದನ್ನು ಮಾತ್ರ. ರೂಟರಿನ ಒಳಗಿನ ದೋಷ ನಿಗಾ ವ್ಯವಸ್ಥೆಗೆ ಇದರ ಸುಳಿವೇ ಹತ್ತಲಿಲ್ಲ. ಜಾಲದುದ್ದಕ್ಕೂ ಪರೀಕ್ಷಾ ಪ್ಯಾಕೆಟ್ ಕಳಿಸಿ ಎಣಿಸುತ್ತಿದ್ದ ಪ್ರತ್ಯೇಕ ಉಪಕರಣದಿಂದ ಸಂಗತಿ ಬಯಲಾಯಿತು. ಎಲಿ ಡಾರ್ಟ್ ಮತ್ತು ಸಂಗಡಿಗರು 2013ರಲ್ಲಿ ಮಂಡಿಸಿದ ಸೈನ್ಸ್ ಡಿಎಂಝಡ್ ಪ್ರಬಂಧದಲ್ಲಿ ಈ ಪ್ರಸಂಗವಿದೆ. ಫೈರ್‌ವಾಲ್ ಮುಂದೆ ಕೂತು ತಲೆ ಕೆರೆದುಕೊಳ್ಳುವ ಎಂಜಿನಿಯರರಿಗೂ ಇದು ಅನ್ವಯಿಸುತ್ತದೆ: ಕೌಂಟರ್ ಸೊನ್ನೆ ತೋರಿಸಿದ ಮಾತ್ರಕ್ಕೆ ನಷ್ಟವಿಲ್ಲ ಎನ್ನುವಂತಿಲ್ಲ. ಪ್ರತಿ ಕೌಂಟರೂ ತಾನು ನಿಂತ ಜಾಗದಲ್ಲಿ ಬಿದ್ದದ್ದನ್ನಷ್ಟೇ ಎಣಿಸುತ್ತದೆ.

ಇಷ್ಟು ಸಣ್ಣ ನಷ್ಟಕ್ಕೆ ಇಷ್ಟು ಗಾಬರಿ ಏಕೆ? ಮ್ಯಾಥಿಸ್ ಮತ್ತಿತರರು 1997ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಹಳೆಯ ಬಗೆಯ ಟಿಸಿಪಿಯ ವೇಗವು ನಷ್ಟದ ಪ್ರಮಾಣದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. 1,460 ಬೈಟ್‌ಗಳ ಸೆಗ್ಮೆಂಟ್, ಹೋಗಿಬರಲು 100 ಮಿಲಿಸೆಕೆಂಡ್, ನಷ್ಟ ಶೇ. 0.01 ಎಂದಿಟ್ಟುಕೊಂಡರೆ ಒಂದು ಸಂಪರ್ಕಕ್ಕೆ ದಕ್ಕುವುದು ಸುಮಾರು 14 ಎಂಬಿಪಿಎಸ್. ಲಿಂಕ್ 10 ಗಿಗಾಬಿಟ್‌ನದ್ದಾದರೂ ಅಷ್ಟೇ.

ಸಿಆರ್‌ಸಿ ದೋಷ ಏರುತ್ತಿದ್ದರೆ ಎಲ್ಲರೂ ಮೊದಲು ಕೇಬಲ್ ಬದಲಿಸುತ್ತಾರೆ. ತಪ್ಪೇನಲ್ಲ. ಆದರೆ ಹಳೆಯ 100 ಎಂಬಿಪಿಎಸ್ ಪೋರ್ಟ್‌ಗಳಲ್ಲಿ ಇನ್ನೊಂದು ಕಾರಣ ಅಡಗಿರಬಹುದು. ಫೈರ್‌ವಾಲ್ ಬದಿಯನ್ನು ಯಾರೋ ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ನಿಗದಿ ಮಾಡಿರುತ್ತಾರೆ, ಸ್ವಿಚ್ ಆಟೋದಲ್ಲಿರುತ್ತದೆ. ಸ್ವಿಚ್ಚಿಗೆ ವೇಗ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ. ಹಾಗಾಗಿ ಅದು ಹಾಫ್‌ಗೆ ಇಳಿಯುತ್ತದೆ. ಆಮೇಲೆ ಫೈರ್‌ವಾಲ್ ಸಿಆರ್‌ಸಿ ದೋಷ ಎಣಿಸುತ್ತಿದ್ದರೆ ಸ್ವಿಚ್ ಲೇಟ್ ಕೊಲಿಷನ್ ಎಣಿಸುತ್ತಿರುತ್ತದೆ. ಪಿಂಗ್ ಸಲೀಸು, ದೊಡ್ಡ ಫೈಲ್ ಮಾತ್ರ ತೆವಳುತ್ತದೆ. ಎರಡೂ ತುದಿಯ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡದವರು ಎಷ್ಟು ಕೇಬಲ್ ಬದಲಿಸಿದರೂ ದೋಷ ಹೋಗದು.

ಓವರ್‌ರನ್ ಇದಕ್ಕಿಂತ ಜಾಣ ಕಳ್ಳ. ಸಿಸ್ಕೊ ಎಎಸ್ಎಯಂಥ ಫೈರ್‌ವಾಲಿನಲ್ಲಿ ಈ ಕೌಂಟರ್ ಏರಿದರೆ, ಬಂದ ಪ್ಯಾಕೆಟನ್ನು ಒಳಗೆ ಎತ್ತಿಕೊಳ್ಳುವ ಮೊದಲೇ ಇಂಟರ್‌ಫೇಸ್ ಕೈಚೆಲ್ಲಿತು ಎಂದರ್ಥ. ಅದೇ ಪರದೆಯಲ್ಲಿ 5 ನಿಮಿಷದ ಸರಾಸರಿ ದಟ್ಟಣೆ ಏನೂ ಇಲ್ಲವೆಂಬಂತೆ ಇರುತ್ತದೆ. ಸಾಧನ ಸುಳ್ಳು ಹೇಳುತ್ತಿದೆ ಎನಿಸುವುದು ಇಲ್ಲೇ. ಲೆಕ್ಕ ಹಾಕಿದರೆ ಗುಟ್ಟು ತಿಳಿಯುತ್ತದೆ. 10 ಗಿಗಾಬಿಟ್ ವೇಗದ ಸರ್ವರ್ ಒಂದೇ ಮಿಲಿಸೆಕೆಂಡಿನಲ್ಲಿ 1.25 ಮೆಗಾಬೈಟ್ ಸುರಿಯಬಲ್ಲದು. 1 ಗಿಗಾಬಿಟ್ ದಾರಿಯಲ್ಲಿ ಆ ಹೊತ್ತಿಗೆ ಸಾಗುವುದು ಅದರ ಹತ್ತನೇ ಒಂದು ಪಾಲು. ಉಳಿದದ್ದು ಬಫರಿನಲ್ಲಿ ಹಿಡಿಸಬೇಕು, ಇಲ್ಲವೇ ಬೀಳಬೇಕು. ಅದೇ ಸುರಿತವನ್ನು 5 ನಿಮಿಷಕ್ಕೆ ಹಂಚಿದರೆ ಸರಾಸರಿಗೆ ಸೇರುವುದು ಕೇವಲ 33 ಕೆಬಿಪಿಎಸ್!

ಮಾರಾಟಗಾರರ ಕರಪತ್ರದಲ್ಲಿನ ಗಿಗಾಬಿಟ್ ಸಂಖ್ಯೆಯೂ ಇಲ್ಲಿ ದಾರಿ ತಪ್ಪಿಸುತ್ತದೆ. 1 ಗಿಗಾಬಿಟ್ ಈಥರ್ನೆಟ್ಟಿನಲ್ಲಿ 1,518 ಬೈಟ್‌ಗಳ ಫ್ರೇಮ್‌ಗಳಾದರೆ ಸೆಕೆಂಡಿಗೆ 81,274 ಬರುತ್ತವೆ. 64 ಬೈಟ್‌ನವಾದರೆ 14,88,095. ಪ್ರತಿ ಪ್ಯಾಕೆಟ್ಟಿಗೂ ನಿಯಮ ನೋಡಬೇಕಾದ ಫೈರ್‌ವಾಲ್ ಬಸವಳಿಯುವುದು ಈ ಎರಡನೆಯ ಸಂಖ್ಯೆಯ ಎದುರು. 2016ರಲ್ಲಿ ಬೆಳಕಿಗೆ ಬಂದ ಬ್ಲ್ಯಾಕ್‌ನರ್ಸ್ ದಾಳಿ ಇದನ್ನು ಸಾಬೀತುಪಡಿಸಿತು: 20 ಎಂಬಿಪಿಎಸ್‌ಗೂ ಕಡಿಮೆ ಐಸಿಎಂಪಿ ಸಂದೇಶಗಳೇ ಕೆಲವು ಫೈರ್‌ವಾಲ್‌ಗಳ ಸಿಪಿಯುವನ್ನು ಕಟ್ಟಿಹಾಕಿದವು.

ಇನ್ನು, ಜಾಲ ನಿಧಾನವಾದಾಗಲೆಲ್ಲ ಪ್ಯಾಕೆಟ್ ಬಿದ್ದಿರಲೇಬೇಕೆಂದಿಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಿಗಾಬಿಟ್ ಸಂಪರ್ಕವಿದ್ದೂ ವೇಗ 50 ಎಂಬಿಪಿಎಸ್ ಆಸುಪಾಸಿನಲ್ಲೇ ನಿಂತಿತ್ತು. ಟಿಸಿಪಿ ಅನುಕ್ರಮ ಸಂಖ್ಯೆಗಳನ್ನು ತಪಾಸಿಸುವ ಫೈರ್‌ವಾಲಿನ ಸೌಲಭ್ಯವೊಂದು ವಿಂಡೋ ಹಿಗ್ಗಿಸುವ ಆಯ್ಕೆಯನ್ನು ಕೆಡಿಸಿ, ವಿಂಡೋವನ್ನು 64 ಕಿಲೋಬೈಟ್‌ಗೆ ಕಟ್ಟಿಹಾಕಿತ್ತು. ಹೋಗಿಬರಲು 10 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ವಿಂಡೋವನ್ನು ಆ ಸಮಯದಿಂದ ಭಾಗಿಸಿದರೆ ಸಿಗುವುದೂ ಅದೇ 50ರ ಆಸುಪಾಸು. ಆ ತಪಾಸಣೆಯನ್ನು ನಿಲ್ಲಿಸಿದ ಮೇಲೆ ಒಳಬರುವ ವೇಗ ಸುಮಾರು 5 ಪಟ್ಟು, ಹೊರಹೋಗುವ ವೇಗ ಸುಮಾರು 12 ಪಟ್ಟು ಏರಿತು.