ಗಣಿನೀರು ಮತ್ತು ಪರವಾನಗಿ: ಕಾರ್ನ್‌ವಾಲ್‌ನ ನಿದರ್ಶನ

ಗಣಿಗಾರಿಕೆಯ ಚರಿತ್ರೆಯನ್ನು ಲೋಹದ ಚರಿತ್ರೆಯನ್ನಾಗಿ ಓದುವುದು ರೂಢಿ. ಆದರೆ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದ ಪ್ರತಿಯೊಂದು ಗಣಿಯೂ ಅದಿರಿನೊಂದಿಗೆ ನೀರನ್ನೂ ಎದುರಿಸಲೇಬೇಕು. ಆ ನೀರನ್ನು ಎಲ್ಲಿಗೆ ತಿರುಗಿಸಬೇಕು, ಅದಕ್ಕೆ ಯಾರ ಅನುಮತಿ ಬೇಕು, ಗಣಿ ಮುಚ್ಚಿದ ಮೇಲೆ ಅದರ ಹೊಣೆ ಯಾರದು ಎಂಬ ಪ್ರಶ್ನೆಗಳು ಕಾನೂನಿನ ಚೌಕಟ್ಟಿಗೆ ಬಂದದ್ದು ಬಹಳ ತಡವಾಗಿ. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಇದಕ್ಕೆ ಸ್ಪಷ್ಟ ನಿದರ್ಶನ. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಬಂದ ನುರಿತ ಗಣಿಗಾರರಲ್ಲಿ ಅನೇಕರು ಈ ಪ್ರದೇಶದವರು ಎಂಬುದು ಗಮನಾರ್ಹ.

ಕಾರ್ನ್‌ವಾಲ್ ಗಣಿಗಾರರ ಆಡುನುಡಿಯಲ್ಲಿ ಹಿಂದಿನವರು ತೋಡಿ ಬಿಟ್ಟ ಪೊಳ್ಳುಗಳಿಗೆ ‘ಮುದುಕರ ಕೆಲಸ’ ಎಂದೂ, ನೀರು ತುಂಬಿ ನಿಂತ ಪೊಳ್ಳಿಗೆ ‘ನೀರಿನ ಮನೆ’ ಎಂದೂ ಅರ್ಥ ಬರುವ ಹೆಸರುಗಳಿದ್ದವು. ಗತಿಸಿದವರು ಬಿಟ್ಟುಹೋದ ನೀರು ಬದುಕಿರುವವರ ಮೇಲೆ ನುಗ್ಗಬಹುದೆಂಬ ಜನಪದ ತಿಳಿವಳಿಕೆ ಈ ಪದಗಳಲ್ಲಿ ಅಡಗಿದೆ.

ಈ ನೀರನ್ನು ಹೊರಹಾಕಲು 1748ರಲ್ಲಿ ‘ಗ್ರೇಟ್ ಕೌಂಟಿ ಆಡಿಟ್’ ಎಂಬ ಸುರಂಗಕಾಲುವೆಯ ಕೆಲಸ ಆರಂಭವಾಯಿತು. ಕಾಲಕ್ರಮದಲ್ಲಿ ಅದರ ಕವಲುಗಳು ಒಟ್ಟು 60 ಕಿಲೋಮೀಟರಿಗೂ ಹೆಚ್ಚು ಹಬ್ಬಿದವು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕೃಷಿಕರು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳನ್ನು ಇದು ರೂಪದಲ್ಲಿ ಹೋಲುತ್ತದೆ. ಉದ್ದೇಶ ಮಾತ್ರ ವಿರುದ್ಧ. ಅಲ್ಲಿನ ಸುರಂಗ ನೀರನ್ನು ಮನೆಗೂ ತೋಟಕ್ಕೂ ತರುತ್ತದೆ. ಕಾರ್ನ್‌ವಾಲ್‌ನ ಸುರಂಗ ನೀರನ್ನು ಗಣಿಯಿಂದ ಕಾರ್ನನ್ ಕಣಿವೆಗೆ ದೂಡುತ್ತಿತ್ತು.

ಕಾನೂನು ದೀರ್ಘಕಾಲ ಗಣಿಯ ಪರವಾಗಿಯೇ ಇತ್ತು. 1876ರ ನದಿ ಮಾಲಿನ್ಯ ತಡೆ ಕಾಯ್ದೆಯು ಗಣಿಗಳ ಕೊಳಕನ್ನು ನಿರ್ಬಂಧಿಸಿದರೂ, ಗಣಿಯಿಂದ ಎತ್ತಿದ ಸ್ಥಿತಿಯಲ್ಲೇ ಬಿಡುವ ನೀರನ್ನು ಅದರಿಂದ ಹೊರಗಿಟ್ಟಿತು. ಮುಂದೆ ಚಾಲ್ತಿಯಲ್ಲಿರುವ ಗಣಿಗಳ ವಿಸರ್ಜನೆಗೆ ಒಪ್ಪಿಗೆ ಪಡೆಯುವ ಪದ್ಧತಿ ಬಂದಿತು. ಆದರೂ 1991ರ ಜಲಸಂಪನ್ಮೂಲ ಕಾಯ್ದೆಯಲ್ಲಿ ಎರಡು ವಿನಾಯಿತಿಗಳು ಉಳಿದವು. ಗಣಿಯನ್ನು ಒಣಗಿಸಲು ಅಂತರ್ಜಲ ಎತ್ತುವುದಕ್ಕೆ ಪರವಾನಗಿ ಬೇಕಿರಲಿಲ್ಲ. ತೊರೆದ ಗಣಿಯ ನೀರು ನದಿ ಸೇರುವಂತೆ ಬಿಟ್ಟರೆ ಅದು ಅಪರಾಧವೂ ಆಗುತ್ತಿರಲಿಲ್ಲ.

ಅದೇ 1991ರಲ್ಲಿ ಟ್ರೂರೋ ಪಟ್ಟಣದ ಸಮೀಪದ ವೀಲ್ ಜೇನ್ ತವರದ ಗಣಿ ಮುಚ್ಚಿತು. ಪಂಪುಗಳು ನಿಂತವು, ನೀರು ಮೇಲೇರಿತು. ಗಂಧಕಯುಕ್ತ ಅದಿರು ಗಾಳಿ ಮತ್ತು ನೀರಿನ ಸಂಪರ್ಕದಿಂದ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. 1992ರ ಜನವರಿಯಲ್ಲಿ ಹಳೆಯ ಸುರಂಗವೊಂದರ ತಡೆ ಒಡೆದು, ಕಬ್ಬಿಣ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಬೆರೆತ ಕೋಟ್ಯಂತರ ಲೀಟರ್ ನೀರು ಕಾರ್ನನ್ ನದಿಗೆ ನುಗ್ಗಿತು. ಫಾಲ್ ಅಳಿವೆಯ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಶುದ್ಧೀಕರಣದ ವೆಚ್ಚ ಸಾರ್ವಜನಿಕ ಬೊಕ್ಕಸದ ಮೇಲೆ ಬಿದ್ದಿತು; ಸುಣ್ಣ ಬೆರೆಸಿ ಲೋಹಗಳನ್ನು ಬೇರ್ಪಡಿಸುವ ಶಾಶ್ವತ ಸ್ಥಾವರ 2000ದಲ್ಲಿ ಕಾರ್ಯಾರಂಭ ಮಾಡಿತು.

1995ರ ಪರಿಸರ ಕಾಯ್ದೆಯು 1999ರ ಡಿಸೆಂಬರ್ 31ರ ನಂತರ ತೊರೆಯುವ ಗಣಿಗಳಿಗೆ ಆ ರಕ್ಷಣೆಯನ್ನು ಹಿಂತೆಗೆದುಕೊಂಡಿತಲ್ಲದೆ, ಗಣಿ ತೊರೆಯುವ ಆರು ತಿಂಗಳ ಮೊದಲೇ ನೋಟಿಸು ಕೊಡುವುದನ್ನು ಕಡ್ಡಾಯಗೊಳಿಸಿತು. ಅಂತರ್ಜಲ ಎತ್ತುವ ವಿನಾಯಿತಿ ಇಂಗ್ಲೆಂಡಿನಲ್ಲಿ 2018ರ ಜನವರಿಯಲ್ಲಿ ಕೊನೆಗೊಂಡಿತು. ಹೀಗೆ ಎತ್ತುವುದು, ಬಿಡುವುದು, ತೊರೆಯುವುದು ಎಂಬ ಮೂರೂ ಹಂತಗಳು ಕಾನೂನಿನ ಹಿಡಿತಕ್ಕೆ ಬಂದವು.

ಭಾರತದಲ್ಲಿಯೂ ಇದೇ ಬಗೆಯ ವಿಳಂಬ ಕಾಣುತ್ತದೆ. 1974ರ ಜಲ ಕಾಯ್ದೆ ವಿಸರ್ಜನೆಗೆ ರಾಜ್ಯ ಮಂಡಳಿಯ ಸಮ್ಮತಿಯನ್ನು ಕಡ್ಡಾಯಗೊಳಿಸಿತು. ಕೇಂದ್ರೀಯ ಅಂತರ್ಜಲ ಪ್ರಾಧಿಕಾರ 1997ರಲ್ಲಿ ರಚನೆಯಾಯಿತು. 2020ರ ಮಾರ್ಗಸೂಚಿಗಳು ಗಣಿಯಿಂದ ನೀರೆತ್ತುವುದಕ್ಕೆ ನಿರಾಕ್ಷೇಪಣಾ ಪತ್ರವನ್ನು ವಿಧಿಸಿದವು. ಗಣಿ ಮುಚ್ಚುವ ಯೋಜನೆ ನಿಯಮಗಳಲ್ಲಿ ಸೇರಿದ್ದು 2003ರಲ್ಲಿ. ಕೋಲಾರದ ಗಣಿಗಳಾದರೋ 2001ರಲ್ಲಿಯೇ ಮುಚ್ಚಿದ್ದವು. ಪಂಪುಗಳು ನಿಂತ ಮೇಲೆ ಅವುಗಳ ಆಳದಲ್ಲಿ ನೀರು ತುಂಬಿಕೊಂಡಿತು.

ಪರವಾನಗಿಗೆ ಅವಧಿಯುಂಟು, ಅಂತರ್ಜಲದ ಚಲನೆಗೆ ಇಲ್ಲ. ಆದ್ದರಿಂದ ಮೊದಲ ಪಂಪು ಚಾಲನೆಗೊಳ್ಳುವ ಮುನ್ನವೇ ಕೊನೆಯ ಪಂಪು ನಿಂತ ನಂತರದ ಹೊಣೆಯನ್ನು ನಿಗದಿಪಡಿಸುವುದು ಅಗತ್ಯ. ‘ಮುದುಕರ ಕೆಲಸ’ ಎಂದು ಹೆಸರಿಟ್ಟ ಗಣಿಗಾರರಿಗೆ ಈ ಸತ್ಯ ಕಾಯ್ದೆಗಳಿಗಿಂತ ಮೊದಲೇ ತಿಳಿದಿತ್ತು.